ಒಂದು ಬಾಗಿಲಿನ ದೂರ

ಹಡಗು ಹೊರಟಿತೆಂದು ಗೊತ್ತಾಗುವುದು ಊರು ಸರಿಯತೊಡಗಿದಾಗ. ಬಸ್ಸಿನ ಜಗ್ಗಾಟ, ರೈಲಿನ ಎಳೆತ, ವಿಮಾನದ ಓಟ ಯಾವುದೂ ಇಲ್ಲಿಲ್ಲ. ಮುಂಬಯಿಯ ಬ್ಯಾಲಾರ್ಡ್ ಪಿಯರ್ ಕಟ್ಟೆಗೂ ಡೆಕ್ಕಿನ ಕಂಬಿ ಹಿಡಿದು ನಿಂತ ನಮಗೂ ನಡುವೆ ಒಂದು ಗೇಣು ನೀರು ಕಾಣಿಸಿತು. ಗೇಣು ಮಾರಾಯಿತು, ಮಾರು ಗದ್ದೆಯಗಲವಾಯಿತು. ಆಮೇಲೆ ಕೊಲಾಬಾದ ಕಟ್ಟಡಗಳು ಒಂದೊಂದಾಗಿ ಹಿಂದೆ ಬಿದ್ದವು. ನೂರೈವತ್ತು ವರ್ಷಗಳಿಂದ ಬಂದರಿನ ಬಾಯಲ್ಲಿ ನಿಂತಿರುವ ಪ್ರಾಂಗ್ಸ್ ದೀಪಸ್ತಂಭ ದಾಟಿದ ಮೇಲೆ ಒಂದು ಚಿಕ್ಕ ದೋಣಿ ಬಂದು, ಹಡಗಿನ ವೇಗಕ್ಕೆ ತನ್ನ ವೇಗ ಹೊಂದಿಸಿಕೊಂಡು ಪಕ್ಕಕ್ಕೆ ಅಂಟಿಕೊಂಡಿತು. ಬಂದರಿನ ಹೂಳು, ಬಂಡೆ, ಸೆಳೆತಗಳನ್ನು ಬಲ್ಲ ಪೈಲಟ್ ಹಗ್ಗದ ಏಣಿ ಹಿಡಿದು ಆ ದೋಣಿಗೆ ಇಳಿದರು. ಹಡಗು ಎಷ್ಟೇ ದೊಡ್ಡದಿರಲಿ, ಕಪ್ತಾನರು ಏಳು ಸಮುದ್ರ ಸುತ್ತಿದವರಿರಲಿ, ಬಂದರಿನೊಳಗೆ ಆ ನೀರು ಬಲ್ಲ ಸ್ಥಳೀಯನ ಮಾತು ಕೇಳಿಕೊಂಡೇ ಚಲಿಸಬೇಕೆಂಬ ಈ ಕಟ್ಟಳೆ ನನಗೆ ಬಹಳ ಹಿಡಿಸಿತು. ಮೇಲಿನ ಡೆಕ್ಕಿನಲ್ಲಿ ಆಗಲೇ ಹಾಡು, ಕುಣಿತ ಶುರುವಾಗಿತ್ತು. ಆ ಏಣಿಯನ್ನು ನೋಡಿದವರು ನಾಲ್ಕೈದು ಜನ.

ಅದಕ್ಕೂ ಮುಂಚೆ, ಹಡಗು ಇನ್ನೂ ಕಟ್ಟೆಯಲ್ಲಿದ್ದಾಗಲೇ, ಮಸ್ಟರ್ ಡ್ರಿಲ್ ಆಗಿತ್ತು. ಏಳು ಗಿಡ್ಡ ಕೂಗು, ಒಂದು ಉದ್ದ ಕೂಗು ಕೇಳಿದರೆ ಅದು ಅಪಾಯದ ಸೂಚನೆ. ನಿಮಗೆ ಗೊತ್ತುಮಾಡಿದ ಜಾಗಕ್ಕೆ ಬಂದು ಸೇರಬೇಕು. ಲೈಫ್ ಜಾಕೆಟ್ಟನ್ನು ಹೀಗೆ ಕಟ್ಟಿಕೊಳ್ಳಬೇಕು. ಜನ ಬೇಸರದಿಂದ ಫೋನ್ ನೋಡುತ್ತ ನಿಂತಿದ್ದರು. ಆ ಬೇಸರದ ಹೊತ್ತಿನ ಹಿಂದೆ ದೊಡ್ಡ ಸಾವುಗಳಿವೆ. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಅದರಲ್ಲಿದ್ದವರ ಅರ್ಧದಷ್ಟು ಜನಕ್ಕೆ ಮಾತ್ರ ಸಾಲುವಷ್ಟು ದೋಣಿಗಳಿದ್ದವು. ಸುಮಾರು ಒಂದೂವರೆ ಸಾವಿರ ಮಂದಿ ಸತ್ತರು. ಅದರ ಬೆನ್ನಿಗೇ 1914ರಲ್ಲಿ ಸಮುದ್ರದ ಮೇಲೆ ಜೀವರಕ್ಷಣೆಯ ಅಂತಾರಾಷ್ಟ್ರೀಯ ಒಪ್ಪಂದ ಹುಟ್ಟಿತು. ನಾವಿಕರು ಇಂದಿಗೂ ಅದನ್ನು ಸೋಲಾಸ್ ಎಂದೇ ಕರೆಯುತ್ತಾರೆ. ಇಷ್ಟಾದರೂ, ಹತ್ತಿದ 24 ಗಂಟೆಯೊಳಗೆ ಡ್ರಿಲ್ ಮಾಡಿದರೆ ಸಾಕೆಂದು ನಿಯಮ ಬಹುಕಾಲ ಸಡಿಲವಾಗಿತ್ತು. 2012ರ ಜನವರಿ 13ರ ರಾತ್ರಿ ಕೋಸ್ಟಾ ಕಾನ್ಕಾರ್ಡಿಯಾ ಎಂಬ ವಿಹಾರದ ಹಡಗು ಇಟಲಿಯ ಜಿಲಿಯೊ ದ್ವೀಪದ ಬಂಡೆಗೆ ಉಜ್ಜಿ ಮಗ್ಗುಲಾಯಿತು. ಆ ಸಂಜೆಯಷ್ಟೇ ಹತ್ತಿದ್ದ ನೂರಾರು ಜನರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. 32 ಜನ ಸತ್ತರು. 2015ರಿಂದ ನಿಯಮ ಬಿಗಿಯಾಗಿದೆ: ಹೊರಡುವ ಮುನ್ನ, ತಪ್ಪಿದರೆ ಹೊರಟ ಕೂಡಲೇ.

ನಮ್ಮ ಡ್ರಿಲ್ಲಿನ ಹೊತ್ತಿನಲ್ಲಿ ಆಜ್ಞೆ ಮಾಡಿದವರು ಯಾರು ಎಂಬುದನ್ನು ನಾನು ಆಮೇಲೆ ಊಟದ ಮನೆಯಲ್ಲಿ ಕಂಡೆ. ಬಣ್ಣದ ಜಾಕೆಟ್ ತೊಟ್ಟು, ಗಟ್ಟಿ ದನಿಯಲ್ಲಿ, ಸಿರಿವಂತರನ್ನೂ ಸುಮ್ಮನೆ ಸಾಲಿನಲ್ಲಿ ನಿಲ್ಲಿಸಿದ್ದ ಹೆಣ್ಣುಮಗಳು ಎರಡು ಗಂಟೆಯ ನಂತರ ನಮ್ಮ ಮೇಜಿನ ಬಳಿ ಬಾಗಿ ನಿಂತು ನೀರು ಬಡಿಸುತ್ತಿದ್ದಳು. ಹಡಗಿನಲ್ಲಿ ಕೆಲಸಕ್ಕೆ ಸೇರುವ ಪ್ರತಿಯೊಬ್ಬರೂ, ಅಡಿಗೆಯವರಿರಲಿ ಹಾಡುಗಾರರಿರಲಿ, ಬೆಂಕಿ ಆರಿಸುವ, ನೀರಿನಲ್ಲಿ ಬದುಕುಳಿಯುವ ತರಬೇತಿ ಪಡೆದೇ ಬರಬೇಕು. ಅಪಾಯ ಬಂದರೆ ಯಾರು ಎಲ್ಲಿ ನಿಲ್ಲಬೇಕು, ಯಾವ ದೋಣಿಯನ್ನು ಇಳಿಸಬೇಕು ಎಂಬುದು ಪ್ರತಿ ಹೆಸರಿನ ಮುಂದೆ ಬರೆದಿರುತ್ತದೆ. ನಮ್ಮ ಜೀವ ಯಾರ ಕೈಯಲ್ಲಿದೆಯೋ ಅವರೇ ನಮ್ಮ ಎಂಜಲು ತಟ್ಟೆ ಎತ್ತುತ್ತಾರೆ. ಮೊದಲ ದಿನವೇ ಕಣ್ಣಿಗೆ ಬಿದ್ದ ಈ ಸಂಗತಿ ಪ್ರಯಾಣ ಮುಗಿಯುವವರೆಗೂ ನನ್ನನ್ನು ಬಿಡಲಿಲ್ಲ.

ಡ್ರಿಲ್ ಮುಗಿದ ಗಳಿಗೆಯಿಂದ ಹಡಗು ತಾನು ಹಡಗೆಂಬುದನ್ನು ನಮಗೆ ಮರೆಸಲು ತೊಡಗುತ್ತದೆ. ಕಾಲಡಿಗೆ ರತ್ನಗಂಬಳಿ, ಗಾಜಿನ ಲಿಫ್ಟು, ನಾಟಕಶಾಲೆ, ಅಂಗಡಿ ಸಾಲು, ಈಜುಕೊಳ. ನೀರಿನಡಿಯಲ್ಲಿ ಎರಡೂ ಪಕ್ಕಕ್ಕೆ ಚಾಚಿಕೊಳ್ಳುವ ರೆಕ್ಕೆಗಳು ಹಡಗಿನ ಹೊಯ್ದಾಟವನ್ನು ತಡೆಹಿಡಿಯುವುದರಿಂದ ಲೋಟದ ಕಾಫಿ ಕೂಡ ಅಲುಗುವುದಿಲ್ಲ. ದುಡ್ಡು ಕಣ್ಣಿಗೇ ಬೀಳುವುದಿಲ್ಲ. ಕೊರಳಿಗೆ ನೇತುಹಾಕಿಕೊಂಡ ಒಂದು ಕಾರ್ಡು ಕೋಣೆಯ ಬಾಗಿಲನ್ನೂ ತೆರೆಯುತ್ತದೆ, ಖರ್ಚನ್ನೂ ಬರೆದಿಡುತ್ತದೆ. ಬೆಳಗಿನ ತಿಂಡಿಗೆ ಇಡ್ಲಿಯಿಂದ ಹಿಡಿದು ಹೆಸರು ಗೊತ್ತಿಲ್ಲದ ಹಣ್ಣುಗಳವರೆಗೆ. ಜೈನರಿಗೆ ಬೇರೆ ಅಡಿಗೆ. ನಡುರಾತ್ರಿಯಲ್ಲೂ ಹಸಿದವರಿಗೆ ಏನಾದರೂ ಇದ್ದೇ ಇರುತ್ತದೆ.

ನಾನು ಸುಖಪಟ್ಟೆ, ಅದನ್ನು ಮರೆಮಾಚುವುದಿಲ್ಲ. ಬೆಳಗಿನ ಜಾವ ಎದ್ದು ಡೆಕ್ಕಿಗೆ ಹೋದರೆ ಸುತ್ತಲೂ ಒಂದು ಗೆರೆ, ಆ ಗೆರೆಯ ನಡುವೆ ನಾವು. ಹಡಗಿನ ಮೂತಿ ಸೀಳಿದ ನೀರಿನಿಂದ ಹಾರುವ ಮೀನುಗಳ ಹಿಂಡು ಚಿಮ್ಮಿ, ಅಲೆಯ ಮೇಲೆ ಮೇಲೆಯೇ ತೇಲಿ ಹೋಗಿ, ಬಹುದೂರ ಸಾಗಿ ನೀರಿಗೆ ಇಳಿಯುತ್ತಿತ್ತು. ಪೂರ್ವಕ್ಕೆ, ಕಣ್ಣಿಗೆ ನಿಲುಕದಷ್ಟು ದೂರದಲ್ಲಿ, ಕಾರವಾರದಿಂದ ಉಳ್ಳಾಲದವರೆಗೆ ನಮ್ಮ ಕರಾವಳಿ ಇದೆಯೆಂದು ನನ್ನವಳಿಗೆ ತೋರಿಸುತ್ತಿದ್ದೆ; ತೋರಿಸಲು ಅಲ್ಲಿ ನೀರಲ್ಲದೆ ಏನೂ ಇರಲಿಲ್ಲ. 1930ರ ದಶಕದಲ್ಲಿ ವಿ.ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಓದಲು ಹೋದದ್ದು ಇದೇ ಅರಬ್ಬೀ ಸಮುದ್ರದ ಮೇಲೆ. ಕನ್ನಡಕ್ಕೆ ‘ಸಮುದ್ರ ಗೀತೆಗಳು’ ಬಂದದ್ದು ಆ ಕಡಲಯಾನದಿಂದ. ಆಗ ಹಡಗು ಹತ್ತುವವರಿಗೆ ಹೋಗಿ ಸೇರಬೇಕಾದ ಊರೊಂದಿತ್ತು. ಸುಮ್ಮನೆ ಸುತ್ತಿ ಬರಲೆಂದೇ ಹಡಗು ಹತ್ತಿಸುವ ವ್ಯಾಪಾರ ಬೆಳೆದದ್ದು ಒಂದು ಬಿಡುವಿನ ಕಾಲದಿಂದ. 1891ರ ಚಳಿಗಾಲದಲ್ಲಿ, ಅಟ್ಲಾಂಟಿಕ್ ದಾಟುವವರು ಕಡಿಮೆಯಾದಾಗ, ಹ್ಯಾಂಬರ್ಗಿನ ಹಡಗು ಕಂಪನಿಯ ಆಲ್ಬರ್ಟ್ ಬಾಲಿನ್ ತಮ್ಮ ಒಂದು ದೊಡ್ಡ ಹಡಗನ್ನು ಮೆಡಿಟರೇನಿಯನ್ ಸುತ್ತಿ ಬರಲು ಕಳಿಸಿದರು. ಮುಂದೆ ಜೆಟ್ ವಿಮಾನಗಳು ಬಂದು ಊರಿಂದೂರಿಗೆ ಹೋಗುವವರನ್ನೆಲ್ಲ ಸೆಳೆದುಕೊಂಡ ಮೇಲೆ ಪ್ರಯಾಣಿಕರ ಹಡಗುಗಳಿಗೆ ಈ ಸುತ್ತಾಟವೇ ಬದುಕಾಯಿತು. ಅಲ್ಲಿಂದ ಬೆಳೆದು, 2024ರಲ್ಲಿ ಕಡಲಿಗಿಳಿದ ಐಕಾನ್ ಆಫ್ ದಿ ಸೀಸ್ 365 ಮೀಟರ್ ಉದ್ದವಿದೆ; ಏಳು ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊರುತ್ತದೆ. ನಾವು ಹತ್ತಿದ್ದು ಅದರ ಮುಂದೆ ತೀರ ಚಿಕ್ಕದು. ನನ್ನ ಕಣ್ಣಿಗೆ ಅದೇ ಒಂದು ಪೇಟೆ.

ಎರಡನೆಯ ದಿನಕ್ಕೆ ನನ್ನ ಗಮನ ಬೇರೆ ಕಡೆ ತಿರುಗಿತು. ಬಫೆಯಲ್ಲಿ ಜನ ತಟ್ಟೆ ತುಂಬಿಸಿಕೊಂಡು, ಎರಡು ತುತ್ತು ತಿಂದು, ಮಿಕ್ಕದ್ದನ್ನು ಹಾಗೇ ಬಿಟ್ಟು ಏಳುತ್ತಿದ್ದರು. ಮನೆಯಲ್ಲಿ ಅನ್ನದ ಅಗಳು ಕೆಳಗೆ ಬಿದ್ದರೆ ಹೆಕ್ಕಿ ಕಣ್ಣಿಗೊತ್ತಿಕೊಳ್ಳುವ ವಯಸ್ಸಾದವರೂ ಅವರಲ್ಲಿದ್ದರು. ಅವರು ಕೆಟ್ಟವರೆಂದು ನನಗೆ ಅನಿಸಲಿಲ್ಲ. ಮೊದಲೇ ಹಣ ಕೊಟ್ಟಾಗಿದೆ, ಪಾತ್ರೆ ಖಾಲಿಯಾಗುವ ಮುನ್ನ ಇನ್ನೊಂದು ಬರುತ್ತದೆ, ಬಿಟ್ಟ ತಟ್ಟೆ ತಿರುಗಿ ನೋಡುವುದರೊಳಗೆ ಮಾಯವಾಗುತ್ತದೆ. ತಟ್ಟೆಯಲ್ಲಿ ಬಿಟ್ಟದ್ದನ್ನು ಎದುರಿಗೆ ಕೂತು ನೋಡುವ ಗಳಿಗೆಯೇ ಅಲ್ಲಿಲ್ಲ. ಆ ಗಳಿಗೆಯೊಂದಿದ್ದರೆ ಅವರಲ್ಲಿ ಹೆಚ್ಚಿನವರು ಅಷ್ಟು ಬಡಿಸಿಕೊಳ್ಳುತ್ತಿರಲಿಲ್ಲ ಎಂದು ನನ್ನ ನಂಬಿಕೆ. ಮನುಷ್ಯನ ಸಂಯಮ ಬಹುಪಾಲು ಅವನ ಕಣ್ಣಿನಲ್ಲಿರುತ್ತದೆ. ಕಣ್ಣಿಗೆ ಬೀಳದ್ದರ ಬಗ್ಗೆ ಸಂಯಮ ಸಾಧಿಸುವುದು ತಪಸ್ವಿಗಳಿಗೂ ಕಷ್ಟ.

ತಟ್ಟೆಗಳು ಎಲ್ಲಿ ಮಾಯವಾಗುತ್ತವೆ ಎಂದು ನೋಡಿದೆ. ಊಟದ ಮನೆಯ ಮೂಲೆಯಲ್ಲಿ, ಗೋಡೆಯ ಬಣ್ಣದ್ದೇ ಆದ ಒಂದು ಬಾಗಿಲು. ಸಿಬ್ಬಂದಿಗೆ ಮಾತ್ರ ಎಂದು ಸಣ್ಣ ಅಕ್ಷರದಲ್ಲಿ ಬರೆದಿದೆ. ಅದು ತೆರೆದು ಮುಚ್ಚುವ ಕ್ಷಣದಲ್ಲಿ ಆಚೆ ಕಾಣುವುದು ಬೇರೆಯೇ ಹಡಗು. ರತ್ನಗಂಬಳಿ ಹೊಸ್ತಿಲಿಗೆ ನಿಂತುಬಿಡುತ್ತದೆ. ಅಲ್ಲಿಂದ ಬಣ್ಣ ಬಳಿದ ಉಕ್ಕಿನ ನೆಲ, ಬಿಳಿ ಟ್ಯೂಬ್ ಲೈಟು, ತಲೆಯ ಮೇಲೆ ಕೊಳವೆಗಳು, ಗೋಡೆಗೆ ಅಂಟಿಸಿದ ಡ್ಯೂಟಿ ಪಟ್ಟಿ, ಬಿರಬಿರನೆ ಹೋಗುವ ಜನ. ಹಡಗಿನ ಉದ್ದಕ್ಕೂ ಕೆಳಗೆ ಒಂದು ದೊಡ್ಡ ಓಣಿ ಇರುತ್ತದೆಂದೂ, ಸಾಮಾನು, ಒಗೆಯುವ ಬಟ್ಟೆ, ಕಸ, ಕೆಲಸಗಾರರು ಎಲ್ಲ ಓಡಾಡುವುದು ಅದರಲ್ಲೇ ಎಂದೂ ಆಮೇಲೆ ತಿಳಿಯಿತು. ಇಂಥ ಬಾಗಿಲು ಪ್ರತಿ ಡೆಕ್ಕಿನಲ್ಲಿದೆ. ಒಮ್ಮೆ ಕಂಡ ಮೇಲೆ ಎಲ್ಲಿ ಹೋದರೂ ಅದೇ ಕಾಣುತ್ತಿತ್ತು.

ನಮ್ಮ ಕ್ಯಾಬಿನ್ ನೋಡಿಕೊಳ್ಳುತ್ತಿದ್ದ ಯುವಕ ಉಡುಪಿಯ ಕಡೆಯವನು. ನಾವಿಬ್ಬರೂ ಕನ್ನಡದಲ್ಲಿ ಮಾತಾಡುತ್ತಿದ್ದದ್ದು ಕೇಳಿ, “ಘಟ್ಟದ ಮೇಲಿನವರಾ ಸರ್?” ಎಂದು ಕೇಳಿದ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಇಲ್ಲಿ ಇಂಗ್ಲಿಷು ಹಿಂದಿ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ಮೊದಲು ಅಮೆರಿಕದ ಕಡೆ ಓಡಾಡುವ ವಿದೇಶಿ ಹಡಗಿನಲ್ಲಿದ್ದು ಈಗ ಇಲ್ಲಿಗೆ ಬಂದಿದ್ದಾನೆ. ಮಂಗಳೂರು, ಉಡುಪಿ, ಕುಂದಾಪುರದ ಎಷ್ಟೋ ಮನೆಗಳಲ್ಲಿ ಮಗ ಎಲ್ಲಿದ್ದಾನೆ ಎಂದು ಕೇಳಿದರೆ “ಶಿಪ್ಪಿನಲ್ಲಿ” ಎಂಬ ಉತ್ತರ ಬರುವುದನ್ನು ನಾನು ಕೇಳಿ ಬಲ್ಲೆ. ಆ ಮಾತಿನ ಒಳಗೇನಿದೆ ಎಂಬುದು ಅವನನ್ನು ಕಂಡ ಮೇಲೆ ತಿಳಿಯಿತು. ಎಂಟೊಂಬತ್ತು ತಿಂಗಳ ಕಾಂಟ್ರ್ಯಾಕ್ಟ್, ಅಷ್ಟೂ ಕಾಲ ವಾರದ ರಜೆ ಎಂಬುದಿಲ್ಲ. ಆಮೇಲೆ ಸೈನ್ ಆಫ್ ಆಗಿ ಒಂದೆರಡು ತಿಂಗಳು ಊರು, ಆ ಕಾಲಕ್ಕೆ ಸಂಬಳವಿಲ್ಲ. ಇಬ್ಬರಿಗೆ ಒಂದು ಕೋಣೆ, ಮೇಲೊಂದು ಕೆಳಗೊಂದು ಮಂಚ, ಕಿಟಕಿ ಇಲ್ಲ. “ಮನೆಯ ಸಾಲ ಮುಗೀತು ಸರ್, ತಂಗಿ ಮದುವೆ ಆಯ್ತು. ಇನ್ನು ಎರಡು ಕಾಂಟ್ರ್ಯಾಕ್ಟ್. ಮತ್ತೆ ಊರಲ್ಲೇ ಎಂತಾದ್ರೂ ಮಾಡುವ ಅಂತ ಉಂಟು.” ಅವನು ದುಃಖ ತೋಡಿಕೊಳ್ಳುತ್ತಿರಲಿಲ್ಲ. ಲೆಕ್ಕ ಒಪ್ಪಿಸುವವನ ಹಾಗೆ ಹೇಳಿದ. ಆ ಲೆಕ್ಕದಲ್ಲಿ ಹೆಮ್ಮೆಯೂ ಇತ್ತು.

ಸಮುದ್ರದ ಮೇಲೆ ದುಡಿಯುವವರಿಗೂ ಕಾನೂನಿದೆ. 2006ರಲ್ಲಿ ಒಪ್ಪಿ 2013ರಲ್ಲಿ ಜಾರಿಗೆ ಬಂದ, ಭಾರತವೂ 2015ರಲ್ಲಿ ಸೇರಿಕೊಂಡ ಕಡಲ ಕಾರ್ಮಿಕರ ಒಪ್ಪಂದ ಇರುವುದು ಅವರಿಗಾಗಿ. ವಿಶ್ರಾಂತಿಯ ಲೆಕ್ಕ ಹಿಡಿಯುವ ಹಡಗಿನಲ್ಲಿ ಅದರ ಪ್ರಕಾರ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರದಲ್ಲಿ ಕನಿಷ್ಠ 77 ಗಂಟೆ ಬಿಡುವು ಕೊಡಬೇಕು. ವಾರಕ್ಕೆ 168 ಗಂಟೆ. 77 ಕಳೆದು ನೋಡಿ. ಮಿಕ್ಕ 91 ಗಂಟೆ ದುಡಿಸಿದರೂ ಕಾನೂನಿನ ಗೆರೆ ದಾಟಿದಂತಾಗುವುದಿಲ್ಲ. ಈ ಕಾನೂನು ದುಡಿಯುವವರಿಗೆ ಒಂದು ರಕ್ಷೆ, ಅದು ಇಲ್ಲದ ಕಾಲ ಇನ್ನೂ ಕ್ರೂರವಾಗಿತ್ತು. ಆದರೂ ರಕ್ಷೆಯ ಅಂಚು ಎಲ್ಲಿದೆ ಎಂದು ಕಂಡಾಗ ಎದೆ ಝಲ್ಲೆನ್ನುತ್ತದೆ. ಜಗತ್ತಿನ ದೊಡ್ಡ ವಿಹಾರದ ಹಡಗುಗಳಲ್ಲಿ ಬಹಳಷ್ಟು ಬಹಾಮಾಸ್, ಪನಾಮಾ, ಬರ್ಮುಡಾ, ಮಾಲ್ಟಾಗಳ ಬಾವುಟ ಹಾರಿಸುತ್ತವೆ. ಮಾಲೀಕರು ಒಂದು ದೇಶದವರು, ಬಾವುಟ ಇನ್ನೊಂದರದು, ದುಡಿಯುವವರು ಫಿಲಿಪ್ಪೀನ್ಸ್, ಇಂಡೋನೇಷ್ಯಾ, ಭಾರತದವರು. ಅನ್ಯಾಯವಾದರೆ ಯಾವ ಊರಿನ ಯಾವ ಬಾಗಿಲು ತಟ್ಟಬೇಕೆಂಬುದೇ ಒಂದು ಪ್ರಶ್ನೆ.

ಇದೇನು ಹೊಸದು, ನಮ್ಮ ಊರುಗಳಲ್ಲೂ ಹೀಗೇ ಅಲ್ಲವೇ ಎಂದು ಕೇಳಬಹುದು. ಹೌದು, ಹೀಗೇ. ನನ್ನ ಮಾತು ಬರುವುದು ಅಲ್ಲಿಗೇ. ಬೆಂಗಳೂರಿನ ನಲ್ಲಿಯಲ್ಲಿ ಬರುವ ಕಾವೇರಿ ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪಿನಲ್ಲಿ ಏರಿ ಬರುತ್ತದೆ. ನಮ್ಮ ಕಸವನ್ನು ವರ್ಷಾನುಗಟ್ಟಲೆ ಮಂಡೂರು ಹೊತ್ತಿತು. ಆ ಹಳ್ಳಿಯವರು ರಸ್ತೆಗಿಳಿದು ಲಾರಿ ತಡೆದ ಮೇಲೆ, 2014ರ ಕೊನೆಗೆ, ಅಲ್ಲಿ ಸುರಿಯುವುದು ನಿಂತಿತು. ಅಷ್ಟರವರೆಗೆ ಮಂಡೂರು ಎಲ್ಲಿದೆಯೆಂದು ನಗರದ ಎಷ್ಟು ಜನಕ್ಕೆ ಗೊತ್ತಿತ್ತು? ನೀರು ತರುವ ಕೈ, ಹೊಲಸು ಬಾಚುವ ಕೈ, ಬಟ್ಟೆ ಹೊಲಿಯುವ ಕೈ, ನಡುರಾತ್ರಿ ಊಟ ತಂದು ಬಾಗಿಲಲ್ಲಿಡುವ ಕೈ ಎಲ್ಲವೂ ನಮ್ಮಿಂದ ದೂರದಲ್ಲಿವೆ. ಆ ದೂರವೇ ನಮಗೊಂದು ನೆಪ. ಗೊತ್ತಿರಲಿಲ್ಲ ಎನ್ನುತ್ತೇವೆ, ನೋಡಲು ಹೋಗುವುದಾದರೂ ಹೇಗೆ ಎನ್ನುತ್ತೇವೆ. ಹಡಗು ಆ ನೆಪವನ್ನು ಕಿತ್ತುಕೊಂಡುಬಿಡುತ್ತದೆ. ಇಲ್ಲಿ ಅಡಿಗೆಮನೆ, ಬಟ್ಟೆ ಒಗೆಯುವ ಮನೆ, ನೀರಿನ ಕಾರ್ಖಾನೆ, ಕಸದ ಒಲೆ, ವಿದ್ಯುತ್ತಿನ ಉತ್ಪಾದನೆ, ಅವನ್ನೆಲ್ಲ ನಡೆಸುವವರು ಮಲಗುವ ಮಂಚ, ಎಲ್ಲವೂ ಇನ್ನೂರು ಚಿಲ್ಲರೆ ಮೀಟರಿನೊಳಗೆ ಇವೆ. ನಾನು ಮಲಗುವ ಹಾಸಿಗೆಯ ಕೆಳಗೆ, ನಾಲ್ಕು ಅಂತಸ್ತು ಇಳಿದರೆ, ಇನ್ನೊಬ್ಬನ ಹಾಸಿಗೆ. ನಡುವೆ ಇರುವುದು ಒಂದು ಬಾಗಿಲು. ಇಷ್ಟು ಹತ್ತಿರವಿದ್ದೂ ಕಾಣದೆ ಹೋಗುವುದಾದರೆ, ನೆಲದ ಮೇಲೆ ನಮ್ಮನ್ನು ತಡೆಯುತ್ತಿರುವುದು ದೂರವಲ್ಲ.

ನೀರಿನ ವಿಷಯವನ್ನೇ ನೋಡಿ. ಕಡಲ ನೀರನ್ನು ಇಂಜಿನ್ನಿನ ಬಿಸಿಯಿಂದ ಆವಿ ಮಾಡಿಯೋ ಪೊರೆಗಳ ಮೂಲಕ ಒತ್ತಿ ತೂರಿಸಿಯೋ ಸಿಹಿನೀರು ಮಾಡಿಕೊಳ್ಳುತ್ತಾರೆ. ಶವರಿನಡಿ ನಾನು ನಿಂತ ಪ್ರತಿ ನಿಮಿಷಕ್ಕೂ ಕೆಳಗೆ ಎಲ್ಲೋ ಎಣ್ಣೆ ಉರಿಯುತ್ತಿತ್ತು. ಕಸಕ್ಕೂ ಕಟ್ಟುಪಾಡಿದೆ: ಮಾರ್ಪೋಲ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ ಪ್ಲಾಸ್ಟಿಕ್ಕನ್ನು ಯಾವ ಸಮುದ್ರಕ್ಕೂ ಎಸೆಯುವಂತಿಲ್ಲ. ಮಿಕ್ಕ ಆಹಾರವನ್ನು ನುಣ್ಣಗೆ ಅರೆದಿದ್ದರೆ ದಡದಿಂದ ಮೂರು ನಾಟಿಕಲ್ ಮೈಲಿ, ಅರೆಯದಿದ್ದರೆ ಹನ್ನೆರಡು ನಾಟಿಕಲ್ ಮೈಲಿ ದಾಟಿದ ಮೇಲೆ ಮಾತ್ರ ಬಿಡಬಹುದು. ಬಫೆಯ ತಟ್ಟೆಗಳು ಕೊನೆಗೆ ಸೇರುವ ಜಾಗಗಳಲ್ಲಿ ಅದೂ ಒಂದು.

ನಮ್ಮ ಹಡಗು ಹೊರಟಿದ್ದ ಲಕ್ಷದ್ವೀಪದ ಅಗತ್ತಿ ಕಂಡದ್ದು ಬೆಳಿಗ್ಗೆ. ಮೊದಲು ಬರೀ ತೆಂಗಿನ ತಲೆಗಳು, ಆಮೇಲೆ ಅವುಗಳ ಬುಡಕ್ಕೆ ಒಂದು ಬಿಳಿಯ ಗೆರೆ. ಹವಳದ ದಿಬ್ಬ ಸುತ್ತುವರಿದಿರುವುದರಿಂದ ದೊಡ್ಡ ಹಡಗು ಹತ್ತಿರ ಹೋಗಲಾರದು. ಹೊರಗೇ ನಿಲ್ಲಿಸಿ ನಮ್ಮನ್ನು ಸಣ್ಣ ದೋಣಿಗಳಲ್ಲಿ ಒಯ್ದರು. ಲಕ್ಷದ್ವೀಪದ ನೆಲವೆಲ್ಲ ಕೂಡಿಸಿದರೂ 32 ಚದರ ಕಿಲೋಮೀಟರು. ಅಗತ್ತಿಯಲ್ಲಿ 2011ರ ಜನಗಣತಿಯ ಹೊತ್ತಿಗೆ ಇದ್ದವರು ಸುಮಾರು ಏಳೂವರೆ ಸಾವಿರ ಜನ. ಅಲ್ಲಿನ ಬಾವಿಗಳಲ್ಲಿರುವುದು ಮಳೆಯ ನೀರು ಇಂಗಿ, ಮರಳಿನಡಿಯ ಉಪ್ಪು ನೀರಿನ ಮೇಲೆ ತೆಳ್ಳಗೆ ತೇಲಿ ನಿಂತ ಪದರ. ಹೆಚ್ಚು ಸೇದಿದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. 2005ರಲ್ಲಿ ಪಕ್ಕದ ಕವರತ್ತಿಯಲ್ಲಿ, ಸಮುದ್ರದ ಮೇಲ್ಮೈಯ ಬೆಚ್ಚನೆಯ ನೀರು ಮತ್ತು ಆಳದ ತಣ್ಣನೆಯ ನೀರಿನ ಉಷ್ಣತೆಯ ಅಂತರವನ್ನೇ ಬಳಸಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಮಾಡುವ ಘಟಕವನ್ನು ನಮ್ಮ ವಿಜ್ಞಾನಿಗಳು ಕಟ್ಟಿದಾಗ ಅದು ದ್ವೀಪದವರಿಗೆ ಎಷ್ಟು ದೊಡ್ಡ ಸುದ್ದಿಯಾಗಿರಬೇಕು! ನಮ್ಮ ಹಡಗಿನಿಂದ ಇಳಿದವರಲ್ಲಿ ಒಬ್ಬರು ಕಾಲಿನ ಮರಳು ತೊಳೆಯಲು ಅರ್ಧ ಬಾಟಲಿ ಕುಡಿಯುವ ನೀರು ಸುರಿದುಕೊಂಡರು. ಪಕ್ಕದಲ್ಲಿ ಎಳನೀರು ಕೆತ್ತುತ್ತಿದ್ದ ಮುದುಕರು ಅದನ್ನು ನೋಡಿದರು, ಏನೂ ಹೇಳಲಿಲ್ಲ.

ಈ ದ್ವೀಪಗಳಿಗೂ ನಮಗೂ ಹಳೆಯ ನಂಟಿದೆ. ಉತ್ತರದ ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅವುಗಳ ಕಚೇರಿ, ಕಾಗದ ಪತ್ರ ಎಲ್ಲ ಮಂಗಳೂರು. ಅಲ್ಲಿಯವರು ತೆಂಗಿನ ನಾರಿನ ಹುರಿ ಹೊಸೆದು ಹಾಯಿಹಡಗಿನಲ್ಲಿ ಮಂಗಳೂರಿಗೆ ತಂದು ಅಕ್ಕಿ ಒಯ್ಯುತ್ತಿದ್ದರು. ಇಂದಿಗೂ ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಎಂಬ ಸರಕು ದೋಣಿಗಳಲ್ಲಿ ಸಾಮಾನು ಹೋಗುತ್ತದೆ. ಆಗ ಹುರಿ ಹೊಸೆಯುವ ಹೆಂಗಸಿಗೆ ಅಕ್ಕಿ ಎಲ್ಲಿಂದ ಬರುತ್ತದೆಂದು ಗೊತ್ತಿತ್ತು, ಅಳೆಯುವವನಿಗೆ ಹುರಿ ಯಾರದೆಂದು ಗೊತ್ತಿತ್ತು. ಆ ವ್ಯವಹಾರದಲ್ಲಿ ಸರ್ಕಾರದ ಹಿಡಿತವಿತ್ತು, ಮೋಸವೂ ಇದ್ದಿರಬೇಕು. ಕಳೆದ ಕಾಲವನ್ನು ಚಂದ ಮಾಡಿ ಹೇಳುವ ಆಸೆ ನನಗಿಲ್ಲ. ಆದರೆ ಮಿತಿಯೊಳಗೆ ಬದುಕುವವರಿಗೆ ಪ್ರತಿ ವಸ್ತುವಿನ ಹಿಂದೆ ಒಂದು ಮುಖವಿರುತ್ತದೆ. ದ್ವೀಪದವರು ಬದುಕಿದ್ದು ಹಾಗೆ. ಹಡಗೂ ಒಂದು ದ್ವೀಪವೇ. ಅದಕ್ಕೂ ಮಿತಿಗಳಿವೆ, ಮುಖಗಳಿವೆ. ಅವನ್ನು ಮುಚ್ಚಿಡುವುದಕ್ಕೇ ಅಲ್ಲಿ ಅಷ್ಟು ಜಾಣ್ಮೆ ಖರ್ಚಾಗಿದೆ.

ಆ ಮುಚ್ಚುಗೆ ಒಮ್ಮೆ ಕಳಚಿಬಿದ್ದದ್ದು 2020ರಲ್ಲಿ. ಆ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ಕ್ವಾರಂಟೈನ್ ಮಾಡಿದಾಗ ಅದರಲ್ಲಿ 3,711 ಜನರಿದ್ದರು. ಪ್ರಯಾಣಿಕರನ್ನು ಕ್ಯಾಬಿನ್ನುಗಳಲ್ಲಿ ಬೇರೆ ಬೇರೆಯಾಗಿ ಇರಿಸಿದರು. ಸಿಬ್ಬಂದಿ ಮಾತ್ರ ಅಡಿಗೆ ಮಾಡುತ್ತ, ಬಾಗಿಲಿಂದ ಬಾಗಿಲಿಗೆ ಊಟ ಹಂಚುತ್ತ, ಕೆಳಗೆ ಒಟ್ಟಿಗೇ ಉಣ್ಣುತ್ತ ಹಂಚಿಕೊಂಡ ಕೋಣೆಗಳಲ್ಲಿ ಮಲಗಿದರು. ಅವರಲ್ಲಿ ಭಾರತೀಯರೂ ನೂರಕ್ಕೂ ಹೆಚ್ಚು. ಒಟ್ಟು 700ಕ್ಕೂ ಮಿಕ್ಕಿ ಜನರಿಗೆ ಸೋಂಕು ತಗಲಿತು. ಆಮೇಲೆ ಜಗತ್ತಿನೆಲ್ಲೆಡೆ ಬಂದರುಗಳು ಮುಚ್ಚಿದವು, ವಿಮಾನಗಳು ನಿಂತವು. ಪ್ರಯಾಣಿಕರನ್ನು ಹೇಗೋ ಮನೆಗೆ ಮುಟ್ಟಿಸಿದರು; ದುಡಿಯುವವರು ತಿಂಗಳುಗಟ್ಟಲೆ ನೀರಿನ ಮೇಲೆ ಉಳಿದರು. ಆ ವರ್ಷದ ಕೊನೆಯಲ್ಲಿ ಸರಕಿನ ಹಡಗುಗಳವರೂ ಸೇರಿ ಸುಮಾರು ನಾಲ್ಕು ಲಕ್ಷ ನಾವಿಕರು ಮನೆಗೆ ಮರಳಲಾಗದೆ ಸಿಕ್ಕಿಕೊಂಡಿದ್ದರು. ನಮ್ಮ ಉಡುಪಿಯ ಯುವಕ ಆಗ ಬಹಾಮಾಸಿನ ಬಳಿ ನಿಂತ ಹಡಗಿನಲ್ಲಿದ್ದನಂತೆ. “ಪ್ಯಾಸೆಂಜರ್ಸ್ ಹೋದ ಮೇಲೆ ನಮಗೆ ಗೆಸ್ಟ್ ಕ್ಯಾಬಿನ್ ಕೊಟ್ರು ಸರ್, ಒಬ್ಬೊಬ್ಬರಿಗೆ ಒಂದೊಂದು. ನನಗೆ ಬಾಲ್ಕನಿ ಇದ್ದದ್ದೇ ಸಿಕ್ತು. ಎರಡು ವರ್ಷ ನಾನು ಕ್ಲೀನ್ ಮಾಡಿದ ಸಾಲಿನದ್ದೇ. ಬೆಳಿಗ್ಗೆ ಬೆಳಕು ಮುಖಕ್ಕೆ ಬಿದ್ದು ಎಚ್ಚರ ಆಗ್ತಿತ್ತು. ಅಮ್ಮನಿಗೆ ಫೋನಲ್ಲಿ ತೋರ್ಸಿದೆ. ಅವರು ಅದನ್ನು ನೋಡ್ಲೇ ಇಲ್ಲ, ಯಾವಾಗ ಬರ್ತಿ ಅಂತ ಕೇಳಿದ್ರು.”

ಬಾಗಿಲಿನ ಆಚೆಯದನ್ನು ಪ್ರಯಾಣಿಕರೆಲ್ಲರೂ ಒಮ್ಮೆ ನೋಡಬೇಕು, ಡ್ರಿಲ್ಲಿನ ಹಾಗೆ ಅದನ್ನೂ ಕಡ್ಡಾಯ ಮಾಡಬೇಕು ಎಂಬ ಯೋಚನೆ ನನ್ನಲ್ಲಿ ಬಲಿಯುತ್ತಿತ್ತು. ಕೆಲವು ಹಡಗುಗಳಲ್ಲಿ ಹಣ ಕೊಟ್ಟವರಿಗೆ ಅಡಿಗೆಮನೆ, ಬಟ್ಟೆ ಒಗೆಯುವ ಮನೆ ತೋರಿಸುವ ಏರ್ಪಾಡಿದೆ. ಅದು ಎಲ್ಲರಿಗೂ ಇರಲಿ ಎಂದು. ಅದನ್ನು ಅವನಿಗೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೇಡ ಸರ್” ಎಂದ. “ಆ ಡೋರ್ ದಾಟಿದ ಮೇಲೆ ನಾವು ನಗ್ಬೇಕು ಅಂತ ಇಲ್ಲ. ಅಲ್ಲಿಗೂ ಗೆಸ್ಟ್ ಬಂದ್ರೆ ನಾವು ಎಲ್ಲಿಗೆ ಹೋಗುದು?”

ಈ ಮಾತು ನನ್ನ ಯೋಚನೆಗೆ ನಾನು ಕಾಣದ ಮಗ್ಗುಲೊಂದನ್ನು ಕೊಟ್ಟಿತು. ಮುಚ್ಚಿಡುವ ಬಾಗಿಲೇ ಅವರಿಗೆ ಮರೆಯನ್ನೂ ಕೊಡುತ್ತಿದೆ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಮುಗುಳ್ನಗುವುದು ಹಾಸಿಗೆ ಹಾಸುವಷ್ಟೇ, ಪಾತ್ರೆ ಬೆಳಗುವಷ್ಟೇ ದಣಿಸುವ ದುಡಿಮೆ. ಮನೆಯಲ್ಲಿ ಅಪ್ಪನಿಗೆ ಹುಷಾರಿಲ್ಲದ ದಿನವೂ ಅದು ನಿಲ್ಲುವಂತಿಲ್ಲ. ಸಂಬಳದ ಚೀಟಿಯಲ್ಲಿ ಅದಕ್ಕೆಂದು ಸಾಲಿಲ್ಲ. ಪ್ರಯಾಣಿಕರ ಅಭಿಪ್ರಾಯದ ಫಾರಂನಲ್ಲಿ ಮಾತ್ರ ಅದಕ್ಕೆ ಅಂಕಗಳಿವೆ. ನೋಡುವುದು ನಮ್ಮ ಕರ್ತವ್ಯ, ನಿಜ. ಇನ್ನೊಬ್ಬರ ದಣಿವನ್ನು ನೋಡಹೊರಟು ಅವರ ವಿಶ್ರಾಂತಿಯನ್ನೇ ತುಳಿದರೆ ಅದು ಇನ್ನೊಂದು ಬಗೆಯ ವಿಹಾರವಾಗುತ್ತದೆ. ಹಾಗಾದರೆ ನೋಡಬೇಕಾದದ್ದು ಬಾಗಿಲಿನ ಈಚೆ ಬದಿಯಲ್ಲೇ ಇದೆ: ಎದುರಿಗೆ ನಿಂತ ಮನುಷ್ಯ.

ಸಿಬ್ಬಂದಿಯ ಎದೆಯ ಮೇಲೆ ಹೆಸರಿನ ಪಟ್ಟಿ ಇರುತ್ತದೆ, ಹೆಸರಿನ ಕೆಳಗೆ ಎಷ್ಟೋ ಹಡಗುಗಳಲ್ಲಿ ದೇಶವೂ ಇರುತ್ತದೆ. ನಮ್ಮ ಹನ್ನೆರಡನೆಯ ಶತಮಾನದಲ್ಲಿ ದೋಣಿ ನಡೆಸುವವನೊಬ್ಬ ವಚನಗಳನ್ನು ಹೇಳಿದ. ಉಳಿದ ಶರಣರಲ್ಲಿ ಹೆಚ್ಚಿನವರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರೆ, ಅವನು ತನ್ನ ಕಸುಬು ಮತ್ತು ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ, ಅಂಬಿಗರ ಚೌಡಯ್ಯ ಎಂದು. ದುಡಿಯುವ ಕೈ ತನ್ನ ಹೆಸರನ್ನು ತಾನೇ, ತನ್ನ ಮಾತಿನ ಕೊನೆಗೆ, ತಲೆ ಎತ್ತಿ ಹೇಳಿಕೊಂಡದ್ದು ನಮ್ಮ ಭಾಷೆಯ ದೊಡ್ಡ ಗಳಿಗೆಗಳಲ್ಲೊಂದು ಎಂದು ನಾನು ತಿಳಿದಿದ್ದೇನೆ. ಹಡಗಿನ ಪಟ್ಟಿಯಲ್ಲಿರುವ ಹೆಸರನ್ನು ಅದನ್ನು ತೊಟ್ಟವನು ಹೇಳಿಕೊಳ್ಳುವುದಿಲ್ಲ, ನಾವು ಓದಬೇಕು. ಊಟದ ಮನೆಯಲ್ಲಿ “ಏಯ್”, “ಹಲೋ ಬಾಸ್”, ಬೆರಳ ಚಿಟಿಕೆ ಇವೇ ಹೆಚ್ಚು ಕೇಳಿಸುತ್ತಿದ್ದವು. ನನ್ನವಳು ಮೊದಲ ದಿನದಿಂದಲೇ ಪ್ರತಿಯೊಬ್ಬರ ಪಟ್ಟಿ ಓದಿ ಹೆಸರು ಹಿಡಿದು ಕರೆಯುತ್ತಿದ್ದಳು. ಹೆಸರು ಕಷ್ಟವಾದರೆ ಹೇಗೆ ಹೇಳಬೇಕೆಂದು ಅವರನ್ನೇ ಕೇಳುತ್ತಿದ್ದಳು. ಮಣಿಪುರದ ಹುಡುಗಿಯೊಬ್ಬಳು ತನ್ನ ಹೆಸರನ್ನು ಮೂರು ಸಲ ಬಿಡಿಸಿ ಹೇಳಿಕೊಟ್ಟಳು. ಆ ಮೂರು ಸಲವೂ ಅವಳು ನಗುವ ಗೋಜಿಗೆ ಹೋಗಲಿಲ್ಲ, ಪಾಠ ಹೇಳುವ ಗಂಭೀರ ಮುಖ ಮಾಡಿಕೊಂಡಿದ್ದಳು.

ಕೊನೆಯ ರಾತ್ರಿ ಫಾರಂ ಬಂತು. ಅದರಲ್ಲಿ ಬರೆದ ಹೆಸರುಗಳನ್ನು ಮೇಲಿನವರು ಓದುತ್ತಾರೆ, ಮುಂದಿನ ಕಾಂಟ್ರ್ಯಾಕ್ಟಿಗೆ ಅದರಿಂದ ಸಹಾಯವಾಗುತ್ತದೆ ಎಂದು ಉಡುಪಿಯ ಯುವಕನೇ ಹೇಳಿದ್ದ. ನೆನಪಿದ್ದ ಹೆಸರುಗಳನ್ನೆಲ್ಲ ನಾವಿಬ್ಬರೂ ಕೂತು ಬರೆದೆವು. ಟಿಪ್ಸು ಕೊಟ್ಟೆವು. ಇಷ್ಟು ಸಾಲದೆಂಬ ಭಾವನೆಯಿಂದ, ಇನ್ನೇನು ಮಾಡಿದರೆ ನಿನಗೆ ಉಪಕಾರವಾದೀತಪ್ಪಾ ಎಂದು ಕೇಳಿದೆ. ಅವನು ಯೋಚಿಸಲೇ ಇಲ್ಲ, ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ನಾಳೆ ಬೆಳಿಗ್ಗೆ ಈ ಪ್ರಯಾಣಿಕರೆಲ್ಲ ಇಳಿಯುತ್ತಾರೆ, ಸಂಜೆಗೆ ಹೊಸಬರು ಹತ್ತುತ್ತಾರೆ. ನಡುವಿನ ಕೆಲವೇ ಗಂಟೆಗಳಲ್ಲಿ ಅವನ ಪಾಲಿನ ಕ್ಯಾಬಿನ್ನುಗಳ ಹಾಸಿಗೆ, ಬಚ್ಚಲು, ಗಾಜು, ನೆಲ ಎಲ್ಲ ಆಗಬೇಕು. “ನೀವು ಎಂಟು ಗಂಟೆಯ ಒಳಗೆ ರೂಮ್ ಬಿಟ್ರೆ ನನಗೆ ಅರ್ಧ ಗಂಟೆ ಉಳೀತದೆ ಸರ್. ಮಧ್ಯಾಹ್ನ ಕೂತು ಊಟ ಮಾಡ್ಬಹುದು.”

ನಾವು ಏಳೂವರೆಗೆ ಚೀಲ ಹಿಡಿದು ಹೊರಟಾಗ ಅವನು ಓಣಿಯ ತುದಿಯ ಕ್ಯಾಬಿನ್ನಿನಲ್ಲಿ ಹಾಸಿಗೆಯ ಬಟ್ಟೆ ಎಳೆಯುತ್ತಿದ್ದ. ಕೈ ಎತ್ತಿದ, ಮತ್ತೆ ಬಗ್ಗಿದ. ಸಾಲಿನ ಉಳಿದ ಬಾಗಿಲುಗಳಲ್ಲಿ ಹೆಚ್ಚಿನವು ಇನ್ನೂ ತೆರೆದಿರಲಿಲ್ಲ.